ಡ್ರೈವರ್ ಮರಿಯಯ್ಯ ಮತ್ತು ಕೆಟ್ಟ ರಿಮೋಟು

“ಮೊದ್ಲು ಗೇಟಿನ ತಾವಿಂದ ಈ ರಿಮೋಟು ಒತ್ತುದ್ರೂ ಕಾರು ಟಕ್ ಅಂತಿತ್ತು ಕಣಕ್ಕ. ಈಗ ಬಾಗ್ಲಿಗೆ ಅಂಟ್ಕಂಡು ನಿಂತು ಒತ್ತುದ್ರೂ ಒಂದ್ಸಲ ಕೇಳ್ತದೆ, ಇನ್ನೊಂದ್ಸಲ ಕೇಳಲ್ಲ. ಸೆಲ್ ಓಗೈತೆ ಅಂದ್ಕಂಡೆ. ಗಡಿಯಾರ ರಿಪೇರಿಯವನ ತಾವ ಓಗಿ ಬಿಲ್ಲೆಯಂಗಿರೋ ಒಸಾ ಸೆಲ್ ಆಕಿಸ್ದೆ. ಎರಡು ದಿನ ಚೆನ್ನಾಗಿತ್ತು, ಮೂರ್ನೇ ದಿನ ಅದೇ ಪಾಡು. ಸರಿ, ಕಾರಲ್ಲೇ ಏನೋ ಐತೆ ಅಂತ ಬಾನೆಟ್ ಎತ್ತಿ ಬ್ಯಾಟ್ರಿ ವೈರೆಲ್ಲ ಬಿಗಿ ಮಾಡ್ದೆ. ಅದೂ ಅಲ್ಲ. ಒಂದು ಗಮನಿಸಿದೀನಿ ಬಸವಕ್ಕ. ಬೆಳಗ್ಗೆ ತಣ್ಣಗಿರೋವಾಗ ಇದು ಮಾತೇ ಆಡಲ್ಲ. ಮಧ್ಯಾನ ಬಿಸ್ಲಲ್ಲಿ ಮಡಗಿದ್ರೆ ಆಡ್ತದೆ. ಯಾಕೆ ಅಂತ ಯಾರ್ನ ಕೇಳ್ಲಿ? ಅಳೇ ಅಂಬಾಸಿಡರ್ ಕೆಟ್ರೆ ಅದೇ ನಂಗೆ ಏಳ್ತಿತ್ತು. ಕೆಮ್ಮೋದು, ನಡುಗೋದು, ಎಣ್ಣೆ ವಾಸ್ನೆ ಬರೋದು. ಇದು ಏನೂ ಏಳಲ್ಲ. ಸುಮ್ಕೆ ಸತ್ತೋಯ್ತದೆ. ಇದು ಕೆಟ್ಟೈತೆ ಅಂತ ಗೊತ್ತಾದ್ರೆ ನನ್ನ ಕೆಲ್ಸ ಓಯ್ತದೆ, ಕೆಲ್ಸ ಓದ್ರೆ ರೂಮು ಓಯ್ತದೆ. ಈ ವಯಸ್ನಲ್ಲಿ ಎಂಡ್ತಿ ಬೀರಮ್ಮನ್ನ ಕಟ್ಕಂಡು ಎಲ್ಲಿಗೋಗ್ಲಿ ಏಳಿ.”

ಮರಿಯಯ್ಯ ಇಷ್ಟನ್ನು ಹೇಳಿದ್ದು ಒಂಟಿಕೊಪ್ಪಲಿನ ಆ ಮನೆಯ ಹಿಂದುಗಡೆ, ಅಡುಗೆಮನೆ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತ. ಎರಡು ಸಾವಿರದ ಮೂರನೇ ಇಸವಿ, ದಸರಾ ಮುಗಿದು ತಿಂಗಳಾಗಿತ್ತು. ನಾನು ಆ ಮನೆಯಲ್ಲಿ ಅಡುಗೆಗಿದ್ದೆ. ನಾನು ಓದಿದ್ದು ಮೂರನೇ ಕ್ಲಾಸು. ಕಾರು, ಕರೆಂಟು ನನಗೆ ತಿಳಿಯದು. ಆದರೆ ಯಾರಾದರೂ ಹೇಳಿಕೊಂಡರೆ ಕೊನೆಯವರೆಗೆ ಕೇಳುತ್ತೇನೆ. ಅದಕ್ಕೇ ಅವನು ನನ್ನ ಹತ್ತಿರ ಹೇಳುತ್ತಿದ್ದ.

ಅವನು ಆ ಮನೆಗೆ ಬಂದದ್ದು ತೊಂಬತ್ತೆರಡರಲ್ಲಿ. ಆಗ ದೊಡ್ಡ ಯಜಮಾನರು ಸಿದ್ದಮಲ್ಲಪ್ಪನವರು ಇದ್ದರು. ಪೇಟೆಯಲ್ಲಿ ಅವರದು ಪಾತ್ರೆ ಅಂಗಡಿ, ಹಿಂದೆ ಗೋಡೌನು. ಮರಿಯಯ್ಯ ಅದಕ್ಕೆ ಮೊದಲು ಲಾರಿ ಓಡಿಸುತ್ತಿದ್ದ. ಕೆಲಸ ಕೇಳಿಕೊಂಡು ಬಂದ ದಿನ ಯಜಮಾನರು ಅವನ ಕೈಯಲ್ಲಿ ಅಂಬಾಸಿಡರ್ ಓಡಿಸಿಕೊಂಡು ಬನ್ನಿಮಂಟಪದ ತನಕ ಹೋಗಿಬಂದರಂತೆ. ದಾರಿಯಲ್ಲಿ ಒಂದೇ ಒಂದು ಸಲ ಹಾರನ್ ಹೊಡೆದನಂತೆ, ಅದೂ ಒಂದು ಎಮ್ಮೆಗೆ. “ಇವನು ಇರಲಿ” ಎಂದುಬಿಟ್ಟರು. ಹಿಂದೆ ಶೆಡ್ಡಿನ ಪಕ್ಕ ಒಂದು ರೂಮಿತ್ತು. ಅದನ್ನು ಅವನಿಗೂ ಅವನ ಹೆಂಡತಿ ಬೀರಮ್ಮನಿಗೂ ಕೊಟ್ಟರು. ಮಕ್ಕಳಿರಲಿಲ್ಲ. ಹುಟ್ಟಿದ ಒಂದು ಹೆಣ್ಣು ವರ್ಷ ತುಂಬುವ ಮೊದಲೇ ಹೋಗಿತ್ತು. ಬೀರಮ್ಮನಿಗೆ ಮಂಡಿನೋವು, ಗೋಡೆ ಹಿಡಿದು ನಡೆಯುವವಳು. ಆ ರೂಮು, ಬಾಗಿಲ ಮುಂದಿನ ನಲ್ಲಿ, ಒಂದು ಕರಿಬೇವಿನ ಗಿಡ, ಇಷ್ಟೇ ಅವಳ ಲೋಕ.

ಮರಿಯಯ್ಯ ಹೆಚ್ಚು ಮಾತಿನವನಲ್ಲ. ಬೆಳಗ್ಗೆ ಐದೂವರೆಗೆ ಎದ್ದು ಕಾರು ಒರೆಸುತ್ತಿದ್ದ. ಒರೆಸುವ ಬಟ್ಟೆಯನ್ನು ತನ್ನ ಪಂಚೆಗಿಂತ ಚೆನ್ನಾಗಿ ಒಗೆಯುತ್ತಾನೆ ಎಂದು ಬೀರಮ್ಮ ಹಂಗಿಸುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಒಂದು ಗೀರು ಬಿದ್ದದ್ದಿಲ್ಲ. ಯಜಮಾನರಿಗೆ ಕೊನೆಯ ಕಾಯಿಲೆ ಬಂದಾಗ ಅವರನ್ನು ಮಗುವಿನಂತೆ ಎತ್ತಿ ಕಾರಿನಲ್ಲಿ ಮಲಗಿಸುತ್ತಿದ್ದವನು, ಇಳಿಸುತ್ತಿದ್ದವನು ಅವನೇ.

ಯಜಮಾನರು ಹೋದ ಮೇಲೆ ಅವರ ಮಗ ಚಂದ್ರಮೌಳಿಯವರು ಅಂಬಾಸಿಡರ್ ಮಾರಿ ಹೊಸ ಕಾರು ತಂದರು. ಅದಕ್ಕೆ ಅಲಾರಮ್ ಕೂರಿಸಿದ್ದರು. ಬೀಗದಕೈ ಜೊತೆಗೆ ಕಪ್ಪಗೆ ಬೆಂಕಿಪೆಟ್ಟಿಗೆ ಅಷ್ಟಿದ್ದ ಒಂದು ರಿಮೋಟು. ಅದರ ಗುಂಡಿ ಒತ್ತಿಯೇ ಬಾಗಿಲು ತೆಗೆಯಬೇಕು. ಒತ್ತದೆ ಬರಿಯ ಬೀಗದಕೈ ತಿರುಗಿಸಿ ತೆಗೆದರೆ ಕಾರು ಬೀದಿಗೆಲ್ಲ ಕೇಳುವ ಹಾಗೆ ಕಿರುಚಿಕೊಳ್ಳುತ್ತಿತ್ತು, ಎಂಜಿನ್ನೂ ಶುರುವಾಗುತ್ತಿರಲಿಲ್ಲ. ರಿಮೋಟು ಎರಡು. ಒಂದು ಮರಿಯಯ್ಯನ ಹತ್ತಿರ, ಇನ್ನೊಂದು ಸೊಸೆ ಸುಷ್ಮಾ ಅವರ ಬೀರುವಿನಲ್ಲಿ.

ಹೊಸ ಕಾರಿಗೆ ಹೊಸ ಹುಡುಗನನ್ನೇ ಇಟ್ಟುಕೊಳ್ಳೋಣ ಎಂದು ಸುಷ್ಮಾ ಆಗಲೇ ಹೇಳಿದ್ದರು. ನಾನು ಬಡಿಸುತ್ತಿದ್ದೆ, ಕೇಳಿಸಿಕೊಂಡೆ. ಚಂದ್ರಮೌಳಿಯವರು, “ಅಪ್ಪ ಇಟ್ಟ ಮನುಷ್ಯ. ಸ್ವಲ್ಪ ದಿನ ನೋಡೋಣ” ಎಂದರು. ಈ ಸ್ವಲ್ಪ ದಿನದ ಮಾತು ಮರಿಯಯ್ಯನ ಕಿವಿಗೂ ಬಿದ್ದಿತ್ತು. ಅದಕ್ಕೇ ರಿಮೋಟು ತೊಂದರೆ ಕೊಡಲು ಶುರು ಮಾಡಿದಾಗ ಅವನು ಯಾರಿಗೂ ಹೇಳದೆ ತಾನೇ ಸರಿಮಾಡಲು ಹೊರಟ. ಅಲ್ಲೇ ಅವನು ತಪ್ಪಿದ್ದು.

ರಿಮೋಟು ಹೇಗೆ ಕೆಟ್ಟಿತು ಎಂಬುದನ್ನು ಈಗ ಹೇಳಬೇಕು. ನಾನು ಕಣ್ಣಾರೆ ನೋಡಿದ್ದೇನೆ. ನೋಡಿದಾಗ ಅದೊಂದು ವಿಷಯ ಎಂದೇ ಅನಿಸಿರಲಿಲ್ಲ.

ಆ ಮನೆಯಲ್ಲಿ ಆಯುಧಪೂಜೆಗೆ ಕತ್ತಿ, ಕೊಡಲಿ ಇಡುವುದಿಲ್ಲ. ಬೀಗದಕೈ ಇಡುತ್ತಾರೆ. ವ್ಯಾಪಾರಸ್ಥರ ಮನೆ, ಬೀಗದಕೈಯೇ ನಮ್ಮ ಆಯುಧ ಎನ್ನುತ್ತಿದ್ದರು ದೊಡ್ಡ ಯಜಮಾನರು. ಅಂಗಡಿಯದು, ಗೋಡೌನಿನದು, ತಿಜೋರಿಯದು, ಮನೆಯದು, ಕಾರಿನದು ಎಲ್ಲವೂ ಹಿಂದಿನ ದಿನವೇ ಒಂದು ಹಿತ್ತಾಳೆ ಬೋಗುಣಿಗೆ ಬೀಳಬೇಕು. ಯಜಮಾನರ ಹೆಂಡತಿ ಮಹದೇವಮ್ಮನವರು ಹುಣಸೆಹಣ್ಣು ಕಿವುಚಿದ ನೀರಿನಲ್ಲಿ ಅವನ್ನು ನೆನೆಹಾಕಿ, ನಾರಿನಿಂದ ಉಜ್ಜಿ, ತೊಳೆದು, ಬೆಳಗ್ಗೆ ಹಾಲೆರೆದು, ಮೂರು ಬೆರಳಿನ ವಿಭೂತಿ ಹಚ್ಚಿ ತಟ್ಟೆಯಲ್ಲಿ ಜೋಡಿಸುವರು. ಸೊಸೆಯಾಗಿ ಬಂದ ವರ್ಷದಿಂದ ಅದು ಅವರದೇ ಕೆಲಸ. ಬೇರೆಯವರು ಮುಟ್ಟುವಂತಿಲ್ಲ.

ಆ ಸಲವೂ ಬೋಗುಣಿ ಇಟ್ಟುಕೊಂಡು ಹಿತ್ತಿಲಲ್ಲಿ ಕೂತಿದ್ದರು. ಮರಿಯಯ್ಯ ಕಾರಿನ ಬೀಗದಕೈ ತಂದುಕೊಟ್ಟ. ಕೊಟ್ಟವನು ಅಲ್ಲೇ ನಿಂತ.

“ಅಮ್ಮಾವ್ರೇ, ಆ ಕರಿದು ನೀರಿಗೆ ಬೇಡ ಅನ್ಸ್ತದೆ. ಕರೆಂಟಿಂದು.”

“ಕರೆಂಟು ಎಲ್ಲಿದೆಯೋ ಇದರಲ್ಲಿ. ವೈರೇ ಇಲ್ಲ.”

“ಒಳಗೆ ಸೆಲ್ ಐತೆ.”

“ಇರಲಿ ಬಿಡು. ಎಲ್ಲಕ್ಕೂ ಮಜ್ಜನ ಆಗಿ, ಇದೊಂದು ಮೈಲಿಗೆಯಲ್ಲಿ ಇರಬೇಕಾ? ನಾಳೆ ಅದೇ ಕಾರಲ್ಲಿ ತಾನೇ ನಾವೆಲ್ಲ ಓಡಾಡೋದು.”

ಅವನು ತಲೆ ಕೆರೆದುಕೊಂಡು ಹೋದ. ರಿಮೋಟು ರಾತ್ರಿಯೆಲ್ಲ ಹುಣಸೆನೀರಿನಲ್ಲಿ ತಿಜೋರಿ ಬೀಗದಕೈಯ ಪಕ್ಕ ಮಲಗಿತ್ತು. ಬೆಳಗ್ಗೆ ಹಾಲು, ವಿಭೂತಿ, ಹೂವು ಎಲ್ಲ ಆಯಿತು. ಪೂಜೆಯಾದ ಮೇಲೆ ಒತ್ತಿದರೆ ಟಕ್ ಎಂದಿತು. ಮಹದೇವಮ್ಮನವರು ಮರಿಯಯ್ಯನ ಕಡೆ ನೋಡಿ, “ಏನಾಯಿತೋ ನಿನ್ನ ಕರೆಂಟು?” ಎಂದು ನಕ್ಕರು. ಅವನೂ ನಕ್ಕ. ನಾವೆಲ್ಲ ಮರೆತುಬಿಟ್ಟೆವು. ಅದು ನಿಜಕ್ಕೂ ಕೆಡಲು ಶುರುವಾದದ್ದು ಹತ್ತು ಹನ್ನೆರಡು ದಿನದ ಮೇಲೆ.

ಬಿಸಿ ತಾಗಿದರೆ ಸರಿಹೋಗುತ್ತದೆ ಎಂದು ಗೊತ್ತಾದ ಮೇಲೆ ಮರಿಯಯ್ಯ ದಿನಾ ಬೆಳಗ್ಗೆ ರಿಮೋಟನ್ನು ನನಗೆ ತಂದುಕೊಡಲು ಶುರು ಮಾಡಿದ. ನಾನು ಒಲೆಯ ಹಿಂದಿನ ಕಟ್ಟೆಯ ಮೇಲೆ, ತುಪ್ಪದ ಗಿಂಡಿ ಇಡುವ ಜಾಗದಲ್ಲಿ ಇಡುತ್ತಿದ್ದೆ. ಇಡ್ಲಿ ಬೇಯುವಷ್ಟು ಹೊತ್ತು ಕಾದರೆ ಸಾಕು, ಅರ್ಧ ದಿನ ನಡೆಯುತ್ತಿತ್ತು. ಬೀರಮ್ಮ ಕಿಟಕಿಯಿಂದ ನೋಡಿ, “ಕಟ್ಕಂಡೋಳ ಮಾತು ಒಂದ್ಸಲಕ್ಕೇ ಕೇಳ್ದೋನಲ್ಲ, ಆ ಗುಂಡಿ ಮಾತ್ರ ನೂರ್ಸಲ ಒತ್ತುತಾನೆ ನೋಡಿ ಬಸವಕ್ಕ. ಅದ್ಕೆ ಇಡ್ಲಿ ಬೇರೆ ಬೇಯಿಸ್ತಾನೆ” ಎನ್ನುತ್ತಿದ್ದಳು. ಅವನಿಗೆ ನಗುವಷ್ಟು ಸಮಾಧಾನ ಇರಲಿಲ್ಲ.

ತೊಂದರೆ ರಿಮೋಟಿನದೋ ಕಾರಿನದೋ ಎಂದು ತಿಳಿಯಲು ಇನ್ನೊಂದು ರಿಮೋಟು ಒತ್ತಿ ನೋಡಬೇಕು ಎಂದು ಅವನಿಗೆ ಹೊಳೆಯಿತು. ಒಂದು ದಿನ ಧೈರ್ಯ ಮಾಡಿ ಸುಷ್ಮಾ ಅವರನ್ನು ಕೇಳಿದ.

“ಅಮ್ಮಾವ್ರೇ, ಬೀರುನಲ್ಲಿರೋ ಇನ್ನೊಂದ್ ಕೀ ಒಂದ್ನಿಮಿಷ ಕೊಡ್ತೀರಾ? ಈಗ್ಲೇ ತಂದ್ಬುಡ್ತೀನಿ.”

“ಯಾಕೆ? ನಿಮ್ಮದು ಎಲ್ಲಿ ಹೋಯ್ತು?”

“ಐತೆ ಅಮ್ಮಾವ್ರೇ. ಸುಮ್ಕೆ, ಎರಡೂ ಒಂದೇ ತರ ಕೆಲ್ಸ ಮಾಡ್ತವಾ ನೋಡೋಣ ಅಂತ.”

ಅವರು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಬೀಗದಕೈ ಕೊಟ್ಟರು, ಆದರೆ ತಾವೂ ಹಿಂದೆಯೇ ಹೋಗಿ ವರಾಂಡದಲ್ಲಿ ನಿಂತರು. ಬೀರುವಿನಲ್ಲಿದ್ದ ರಿಮೋಟು ಗೇಟಿನಿಂದ ಒತ್ತಿದರೂ ಕೇಳಿತು. ಅಂದರೆ ಕೆಟ್ಟಿರುವುದು ತನ್ನ ಕೈಯಲ್ಲಿರುವುದೇ ಎಂದು ಮರಿಯಯ್ಯನಿಗೆ ಗಟ್ಟಿಯಾಯಿತು. ಅವನು ಅದನ್ನು ಹೇಳಲಿಲ್ಲ. “ಎಲ್ಲ ಸರಿಯಾಗೈತೆ ಅಮ್ಮಾವ್ರೇ” ಎಂದು ವಾಪಸು ಕೊಟ್ಟ. ಹೇಳಿಬಿಡು ಎಂದು ನಾನು ಅಂದೆ. “ಇನ್ನೊಂದ್ ಕಿತಾ ಬಿಚ್ಚಿಸಿ ನೋಡ್ತೀನಿ ಅಕ್ಕ. ಆಗ್ದಿದ್ರೆ ಏಳ್ತೀನಿ” ಎಂದ. ಅದೇ ಗಡಿಯಾರದವನ ಹತ್ತಿರ ಹೋಗಿ ಮತ್ತೆ ಬಿಚ್ಚಿಸಿದ. ಅವನು ಬ್ಲೇಡು ತೂರಿಸಿ ಮುಚ್ಚಳ ಎಬ್ಬಿಸಿ, ಸೆಲ್ ಕೂರುವ ಜಾಗ ಒರೆಸಿ ಮುಚ್ಚಿದ. ಅಂಚಿನಲ್ಲಿ ಬಿಳಿಯ ಗೀರುಗಳು ನಿಂತವು.

ಒಂದು ವಾರ ಕಳೆಯಿತು. ಶುಕ್ರವಾರ ಮರಿಯಯ್ಯ ಸುಷ್ಮಾ ಅವರನ್ನು ಅವರ ಅಕ್ಕನ ಮನೆಯ ಸೀಮಂತಕ್ಕೆ ಕರೆದುಕೊಂಡು ಹೊರಟಿದ್ದ. ದಾರಿಯಲ್ಲಿ ಹೂವಿಗೆಂದು ಮಾರ್ಕೆಟ್ಟಿನ ಹತ್ತಿರ ಇಳಿದರು. ಅವನೂ ಚೀಲ ಹಿಡಿಯಲು ಇಳಿದು ಕಾರಿಗೆ ಬೀಗ ಹಾಕಿದ. ವಾಪಸು ಬಂದು ಒತ್ತಿದರೆ ಇಲ್ಲ. ಆ ದಿನ ಮೋಡ ಮುಚ್ಚಿ ಜಿನುಗುತ್ತಿತ್ತು. ಒತ್ತಿದ, ಉಜ್ಜಿದ, ಅಂಗೈಯಲ್ಲಿ ಮುಚ್ಚಿ ಬಾಯಿಯ ಬಿಸಿ ಊದಿದ. ಕೊನೆಗೆ ಬೇರೆ ದಾರಿಯಿಲ್ಲದೆ ಬೀಗದಕೈ ತಿರುಗಿಸಿ ಬಾಗಿಲು ತೆಗೆದ. ಕಾರು ಕಿರುಚಲು ಶುರು ಮಾಡಿತು. ಜನ ಸೇರಿದರು. ಯಾರೋ ಒಬ್ಬ, “ಕದ್ಕಂಡ್ ಓಯ್ತಾವ್ನೆ ಕಣ್ರೋ, ಇಡ್ಕಳ್ರೋ” ಎಂದು ತಮಾಷೆಗೆ ಕೂಗಿದನಂತೆ. ರೇಷ್ಮೆ ಸೀರೆ ಉಟ್ಟು ಹೂವಿನ ಬುಟ್ಟಿ ಹಿಡಿದಿದ್ದ ಸುಷ್ಮಾ ಅವರು ಅಷ್ಟು ಜನರ ನಡುವೆ ನಿಂತಿದ್ದರು. ಆಟೋ ಹಿಡಿದು ಹೊರಟುಹೋದರು.

ಸುದ್ದಿ ತಿಳಿದು ಅಂಗಡಿಯಿಂದ ಚಂದ್ರಮೌಳಿಯವರು ಬಂದರು. ಡ್ರೈವರ್ ಸೀಟಿನ ಕೆಳಗೆ ಕೈಹಾಕಿ ಎಲ್ಲೋ ಒತ್ತಿದರು. ಕಾರು ಸುಮ್ಮನಾಯಿತು. ಬೀಗದಕೈ ತಿರುಗಿಸಿದರೆ ಎಂಜಿನ್ನೂ ಶುರುವಾಯಿತು.

ಇದನ್ನು ಮರಿಯಯ್ಯ ಅವತ್ತು ರಾತ್ರಿ ಅಡುಗೆಮನೆ ಮೆಟ್ಟಿಲ ಮೇಲೆ ಕೂತು ನನಗೆ ಹೇಳಿದ.

“‘ಅಲ್ಲೊಂದು ಗುಂಡಿ ಐತಾ ಬುದ್ಧಿ’ ಅಂದೆ. ‘ಇದೆ’ ಅಂದ್ರು. ‘ನಂಗೆ ಗೊತ್ತೇ ಇರ್ನಿಲ್ಲ’ ಅಂದೆ. ‘ನಿಮಗೆ ಗೊತ್ತಿರಬಾರದು ಅಂತಲೇ ಇಟ್ಟಿರೋದು, ಮರಿಯಯ್ಯ’ ಅಂದ್ರು. ಬೈದ್ರೂ ಪರ್ವಾಗಿರ್ನಿಲ್ಲ ಅಕ್ಕ. ಬೈಯ್ನಿಲ್ಲ. ಸುಮ್ಕೆ ಅಂದ್ಬುಟ್ರು, ಟೈಮು ಎಷ್ಟು ಅಂದಂಗೆ.”

ಮಾರನೇ ದಿನ ಚಂದ್ರಮೌಳಿಯವರೂ ಮರಿಯಯ್ಯನೂ ಬನ್ನಿಮಂಟಪದ ಕಡೆ ಅಲಾರಮ್ ಕೂರಿಸಿದ ದೇವರಾಜು ಎಂಬವನ ಅಂಗಡಿಗೆ ಹೋದರು. ಅವನು ರಿಮೋಟು ಬಿಚ್ಚಿ ಒಳಗಿನ ತಗಡನ್ನು ಬೆಳಕಿಗೆ ಹಿಡಿದ. ತಾಮ್ರದ ಗೆರೆಗಳು ಹಸಿರುಗಟ್ಟಿದ್ದವಂತೆ. ಮೂಲೆಯಲ್ಲಿ ಬೆಳ್ಳಗೆ ಏನೋ ಗಟ್ಟಿಯಾಗಿ ಕೂತಿತ್ತಂತೆ. ಮೂಸಿ ನೋಡಿ, “ನೀರಿಗೆ ಬಿದ್ದಿದೆ ಸಾರ್. ಬರೀ ನೀರಲ್ಲ, ಹುಳಿ ಇದೆ. ತಿಂದುಹಾಕ್ಬಿಟ್ಟಿದೆ. ಇದು ಇನ್ನು ಆಗಲ್ಲ” ಎಂದ. ಆಮೇಲೆ ಅಂಚಿನ ಗೀರು ನೋಡಿ, “ಇದನ್ನ ಯಾರೋ ಮೊದಲೇ ಬಿಚ್ಚಿದ್ದಾರೆ. ಯಾಕೆ ಬಿಚ್ಚಿದ್ರು ವಿಚಾರಿಸಿ. ಈಗ ಇಂಥದ್ದಕ್ಕೂ ನಕಲು ಮಾಡ್ಕೊಡೋರು ಇದಾರೆ” ಎಂದೂ ಸೇರಿಸಿದ. ಹುಳಿ ಎಂದ ತಕ್ಷಣ ಮರಿಯಯ್ಯನಿಗೆ ಎಲ್ಲ ಅರ್ಥವಾಯಿತು. ಚಂದ್ರಮೌಳಿಯವರ ಕಿವಿಯಲ್ಲಿ ಉಳಿದದ್ದು ನಕಲು ಎಂಬ ಮಾತು.

ಆ ಸಾಯಂಕಾಲ ನಡುಮನೆಗೆ ಕರೆಸಿ ಕೇಳಿದರು. ಗಂಡಹೆಂಡತಿ ಕೂತಿದ್ದರು, ಅವನು ನಿಂತಿದ್ದ. ಮಹದೇವಮ್ಮನವರು ಕಿಟಕಿ ಪಕ್ಕ ಬೆತ್ತದ ಕುರ್ಚಿಯಲ್ಲಿ ಬತ್ತಿ ಹೊಸೆಯುತ್ತಿದ್ದರು. ನಾನು ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತುಬಿಟ್ಟೆ.

“ಬಿಚ್ಚಿಸಿದ್ದು ಯಾರು?” ಸುಷ್ಮಾ ಕೇಳಿದರು.

“ನಾನೇ ಅಮ್ಮಾವ್ರೇ. ಸೆಲ್ ಆಕ್ಸೋಕೆ.”

“ಹೇಳಿದ್ರಾ ನಮಗೆ? ಒಂದು ಕಡೆ ಬಿಚ್ಚಿಸಿದ್ದೀರಿ, ಇನ್ನೊಂದು ಕಡೆ ಬೀರುವಿನಲ್ಲಿದ್ದ ಕೀನೂ ಕೇಳಿ ಇಸ್ಕೊಂಡ್ರಿ. ಏನಂದುಕೊಳ್ಳಬೇಕು ನಾವು?”

“ಆಣೆ ಮಾಡ್ತೀನಿ ಅಮ್ಮಾವ್ರೇ, ಅಂಥದ್ದೇನಿಲ್ಲ.”

ಚಂದ್ರಮೌಳಿಯವರು ಮೆಲ್ಲಗೆ ಕೇಳಿದರು. “ಅದು ಬಿಡಿ. ಹುಳಿ ನೀರು ಹೇಗೆ ಸೇರಿತು ಅದರೊಳಗೆ? ಅದೊಂದು ಹೇಳಿಬಿಡಿ ಮರಿಯಯ್ಯ. ನಾನು ನಂಬ್ತೀನಿ.”

ಮರಿಯಯ್ಯ ಮಹದೇವಮ್ಮನವರ ಕಡೆ ನೋಡಿದ. ಅವರ ಬೆರಳು ನಿಂತಿತು. ಅವರಿಗೂ ಗೊತ್ತಾಗಿತ್ತು. ಅದನ್ನು ನಾನು ಕಂಡೆ. ಅವನು ಕಾದ. ನಾನೂ ಕಾದೆ. ಅವರು ಹೊಸೆದ ಬತ್ತಿಗಳನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿ, ಪೂಜೆಗೆ ಹೊತ್ತಾಯಿತು ಎಂದು ಎದ್ದು ಒಳಗೆ ಹೋದರು.

“ನನ್ ಕೈ ತಪ್ಪಿ ಬಿತ್ತು ಬುದ್ಧಿ,” ಎಂದ ಮರಿಯಯ್ಯ. “ಸಾರಿನ ಪಾತ್ರೆಗೆ.”

ಅದು ಎಂಥ ಸುಳ್ಳೆಂದು ಎಲ್ಲರಿಗೂ ಗೊತ್ತಾಗುವಂತಿತ್ತು. ಸುಷ್ಮಾ ಗಂಡನ ಮುಖ ನೋಡಿದರು. ನನ್ನ ಬಾಯಿಗೆ ಬಂದ ಮಾತು ಬಾಯಲ್ಲೇ ಉಳಿಯಿತು. ನನಗೂ ಅದೇ ಮನೆಯ ಅನ್ನ. ಕಾಫಿ ಆರಿತ್ತು, ಬಿಸಿ ಮಾಡಿ ತರುತ್ತೇನೆಂದು ತಿರುಗಿಬಿಟ್ಟೆ.

ಮರಿಯಯ್ಯನ ಕೆಲಸ ಹೋಯಿತು, ತಿಂಗಳ ಕೊನೆಗೆ ರೂಮು ಬಿಡಬೇಕೆಂದಾಯಿತು.

ಆ ರಾತ್ರಿ ಪಾತ್ರೆ ಎತ್ತಿಡುವಾಗ ಮಹದೇವಮ್ಮನವರು ಅಡುಗೆಮನೆಗೆ ಬಂದರು. ಅವರೇ ಶುರು ಮಾಡಿದರು.

“ಪೂಜೆಯಿಂದ ಕೆಟ್ಟಿತು ಅಂತ ನನ್ನ ಬಾಯಲ್ಲಿ ಬಂದಿದ್ದರೆ ಸುಷ್ಮಾ ಮುಂದಿನ ವರ್ಷದಿಂದ ಪೂಜೆಯನ್ನೇ ಎತ್ತಿಬಿಡುತ್ತಾಳೆ ಕಣೇ. ಕಾಯ್ಕೊಂಡಿದ್ದಾಳೆ ಅವಳು. ಅವರು ಹೋದ ಮೇಲೆ ಈ ಮನೆಯಲ್ಲಿ ನಂದು ಅಂತ ಉಳಿದಿರೋದು ಅದೊಂದೇ.”

“ಮರಿಯಯ್ಯನ ಗತಿ ಏನಮ್ಮಾ?”

“ಗಂಡಸು. ಎಲ್ಲೋ ಒಂದು ಸ್ಟೇರಿಂಗ್ ಸಿಗುತ್ತೆ.”

ಅವರು ಕೆಟ್ಟವರಲ್ಲ. ಬೀರಮ್ಮನ ಮಂಡಿಗೆ ಎಣ್ಣೆ ಕಾಯಿಸಿ ಕೊಟ್ಟವರು. ರೂಮು ಬಿಡುವ ದಿನ ಎರಡು ಸೀರೆ, ಅನ್ನ ಬೇಯಿಸುವ ಒಂದು ಕೊಳದಪ್ಪಲೆ ಕಳಿಸಿದರು. ನಾನೇ ತೆಗೆದುಕೊಂಡು ಹೋಗಿ ಕೊಟ್ಟೆ. ಬೀರಮ್ಮ ಸೀರೆ ಇಟ್ಟುಕೊಂಡಳು. ಕೊಳದಪ್ಪಲೆಯನ್ನು ನಲ್ಲಿ ಕಟ್ಟೆಯ ಮೇಲೆ ಬಿಟ್ಟು ಹೋದಳು.

ಹೋಗುವ ಮೊದಲು ನಾನು ಮರಿಯಯ್ಯನನ್ನು ಕೇಳಿದ್ದೆ, ಯಾಕೆ ಹೇಳಲಿಲ್ಲ ಎಂದು.

“ನಾನೇಳಿದ್ರೆ ನಂಬ್ತಿದ್ರಾ ಅಕ್ಕ? ನಕಲು ಮಾಡ್ಸಿ, ತಪ್ಪನ್ನ ದೇವರ ಮೇಲೆ, ದೊಡ್ಡಮ್ಮಾವ್ರ ಮೇಲೆ ಆಕ್ತಾವ್ನೆ ಅಂತಿದ್ರು. ಅವ್ರೇ ಏಳ್ಲಿ ಅಂತ ಕಾದೆ. ಏಳ್ತಾರೆ ಅಂದ್ಕಂಡೆ. ಅವ್ರ ಯಜಮಾನ್ರನ್ನ ಎತ್ಕಂಡು ಓಡಾಡ್ದೋನು ನಾನು.” ಹಾಸಿಗೆಯ ಗಂಟು ಬಿಗಿಯುತ್ತ, “ನೀವೂ ನೋಡಿದ್ರಿ ಅಲ್ವಾ” ಎಂದ. ಹಂಗಿಸುವ ಹಾಗೆ ಅನ್ನಲಿಲ್ಲ. ನಾನು ಗಂಟಿನ ಇನ್ನೊಂದು ತುದಿ ಹಿಡಿದುಕೊಂಡೆ.

ಸ್ಟೇರಿಂಗ್ ಸಿಗಲಿಲ್ಲ. ಒಂಟಿಕೊಪ್ಪಲಿನಲ್ಲಿ ಯಾರ ಮನೆಗೆ ಹೋಗಿ ಕೇಳಿದರೂ ಮೊದಲು ಚಂದ್ರಮೌಳಿಯವರ ಮನೆಗೆ ಫೋನು ಹೋಗುತ್ತಿತ್ತು. ಅವರು ಕೆಟ್ಟದ್ದೇನೂ ಹೇಳುತ್ತಿರಲಿಲ್ಲ. “ಕೀ ವಿಷಯದಲ್ಲಿ ಸ್ವಲ್ಪ” ಎಂದು ನಿಲ್ಲಿಸುತ್ತಿದ್ದರು. ಅಷ್ಟು ಸಾಕಾಗಿತ್ತು. ಗಂಡಹೆಂಡತಿ ಅಶೋಕಪುರಂನಲ್ಲಿ ಒಂದು ಶೀಟಿನ ಮನೆ ಹಿಡಿದರು. ಅವನು ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಬೇರೆಯವರ ಕಾರು ತೊಳೆಯಲು ನಿಂತ. ತೊಳೆಯುವಾಗ ಬೀಗದಕೈಯನ್ನು ಡ್ರೈವರುಗಳ ಕೈಗೇ ಕೊಟ್ಟುಬಿಡುತ್ತಿದ್ದನಂತೆ, ತನ್ನ ಹತ್ತಿರ ಇಟ್ಟುಕೊಳ್ಳುತ್ತಿರಲಿಲ್ಲವಂತೆ. ಎರಡನೇ ವರ್ಷ ಬೀರಮ್ಮ ಹಾಸಿಗೆ ಹಿಡಿದಳು. ಏಳಲಿಲ್ಲ.

ಎರಡು ಸಾವಿರದ ಆರರಲ್ಲಿ ನಾನೂ ಆ ಮನೆಯ ಅಡುಗೆ ಬಿಟ್ಟೆ. ಆಯುಧಪೂಜೆ ಅಲ್ಲಿ ಮೊದಲಿನಂತೆಯೇ ನಡೆಯುತ್ತಿತ್ತು. ರಿಮೋಟನ್ನು ಮಾತ್ರ ಸುಷ್ಮಾ ಅವರು ಬೀರುವಿನಿಂದ ತೆಗೆಯುತ್ತಿರಲಿಲ್ಲ. ಮಹದೇವಮ್ಮನವರೂ ಅದನ್ನು ಕೇಳುತ್ತಿರಲಿಲ್ಲ.

ಕೆಲಸ ಬಿಟ್ಟ ತಿಂಗಳು ಅಶೋಕಪುರಂಗೆ ಹೋಗಿದ್ದೆ. ಮರಿಯಯ್ಯ ತುಂಬ ಇಳಿದಿದ್ದ. ಕೂಲಿಯ ಬೂದು ಅಂಗಿ, ಕೈಯ ಚರ್ಮ ಸೋಪಿನ ನೀರಿಗೆ ಒಡೆದಿತ್ತು. ಕೂರಲು ಚಾಪೆ ಹಾಕಿದ. ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದ ಮಾತನ್ನು ಹೇಳಿದೆ. ಅವತ್ತು ನಾನು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ ಎಂದೆ.

“ಬುಡಿ ಅಕ್ಕ,” ಎಂದ. “ನೀವು ಬಾಯಿ ಬುಟ್ಟಿದ್ರೆ ಇಬ್ರ ಕೆಲ್ಸಾನೂ ಓಯ್ತಿತ್ತು. ಅಷ್ಟೇ.”

ಕ್ಷಮಿಸಿದ ಮಾತೋ, ಲೆಕ್ಕಕ್ಕೇ ತೆಗೆದುಕೊಳ್ಳದ ಮಾತೋ ನನಗೆ ತಿಳಿಯಲಿಲ್ಲ. ಇನ್ನೇನೋ ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಬೀದಿಯಲ್ಲಿ ಯಾರೋ ನೀರು ಬಂತೆಂದು ಕೂಗಿದರು. ಎರಡು ದಿನಕ್ಕೊಮ್ಮೆ, ಅದೂ ಮುಕ್ಕಾಲು ಗಂಟೆ ಬರುತ್ತಿತ್ತು. ಅವನು ಎದ್ದು ಮೂಲೆಯಲ್ಲಿದ್ದ ಎರಡು ಪ್ಲಾಸ್ಟಿಕ್ ಕೊಡ ಎತ್ತಿಕೊಂಡ. ಒಬ್ಬನೇ ಎಷ್ಟು ಹೊರುತ್ತಾನೆಂದು ನಾನೂ ಒಂದು ಬಿಂದಿಗೆ ಹಿಡಿದು ಹಿಂದೆ ಹೋದೆ. ಸಾಲಿನಲ್ಲಿ ಏಳು ಜನ ಮುಂದಿದ್ದರು. ಸರದಿ ಬಂದಾಗ ಅವನು ಕೊಡದ ಬಾಯಿಗೆ ಬಟ್ಟೆ ಕಟ್ಟಿ ನಲ್ಲಿಯ ಕೆಳಗಿಟ್ಟ, ತುಂಬಿದ್ದನ್ನು ಸರಿಸಿ, ತನ್ನ ಇನ್ನೊಂದು ಕೊಡಕ್ಕಿಂತ ಮೊದಲು ನನ್ನ ಕೈಯ ಬಿಂದಿಗೆ ಇಟ್ಟ.